ಬೋರಲು ಹಾಕಿದ ಲೋಟ

ಅಣ್ಣಾ,

ಮೊದಲು ನಿಮಗೆ ಬೇಕಾದ ಸುದ್ದಿ. ನಿನ್ನೆ ನಮ್ಮ ಸಾಫ್ಟ್‌ವೇರ್ ರಿಲೀಸ್ ಆಯಿತು. ಇಲ್ಲಿಯವರೆಗೆ ಯಾರೂ ಫೋನ್ ಮಾಡಿ ಬೈದಿಲ್ಲ.

ನೀವು ಆಸ್ಪತ್ರೆ ಸೇರಿದ ಮರುದಿನವೇ ಮ್ಯಾನೇಜರ್ ಬಂದು, "ಕೋಡ್ ಜೋಡಿಸೋ ಬಿಲ್ಡ್ ಟೂಲ್ ಹೊಸದು ಬಂದಿದೆಯಂತೆ, ಅರ್ಧ ಹೊತ್ತಲ್ಲಿ ಕೆಲಸ ಮುಗಿಸುತ್ತಂತೆ, ರಿಲೀಸ್‌ಗೆ ಮುಂಚೆನೇ ಹಾಕಿಬಿಡಿ" ಅಂದರು. ನಾನು ವಾದಕ್ಕೇ ಇಳಿಯಲಿಲ್ಲ. ಬಿಲ್ಡ್ ಮಷಿನ್ ಮೇಲೆ ನೀವು ಬೋರಲು ಹಾಕಿಟ್ಟ ಸ್ಟೀಲ್ ಲೋಟ ತೋರಿಸಿದೆ. "ಇದೇನು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸವಾ? ನಾನು ಲೋಟ ಎತ್ತೋ ತನಕ ಯಾರೂ ಏನೂ ಬದಲಾಯಿಸಕೂಡದು" ಅಂತ ಪ್ರತಿ ರಿಲೀಸ್‌ಗೂ ನೀವು ಗದರುವುದು ಅವರಿಗೂ ಗೊತ್ತಲ್ಲ. ಗೊಣಗಿಕೊಂಡು ಹೋದರು.

ಲೋಟ ಈಗಲೂ ಹಾಗೇ ಇದೆ. ದೂರು ಬಂದರೆ ತಿದ್ದಿ ಕಳಿಸಲು ಹಳೇ ಟೂಲೇ ಬೇಕು. ಎಲ್ಲ ತಣ್ಣಗಾದ ಮೇಲೆ ನೀವೇ ಬಂದು ಎತ್ತಿ.

ಇನ್ನು ನನ್ನ ಜಗಳ. ಜ್ವರ ಇಳಿಯುವ ತನಕ ಹೃದಯದ ಆಪರೇಷನ್ ಇಲ್ಲ ಅಂದಿದ್ದಕ್ಕೆ ಡಾಕ್ಟರ ಮೇಲೆ ಹಾರಾಡಿದಿರಂತೆ. "ಮಾಡೋದಾದ್ರೆ ಇವತ್ತೇ ಮಾಡಿ, ಇಲ್ಲಾಂದ್ರೆ ಮನೆಗೆ ಹೋಗ್ತೀನಿ" ಅಂದಿರಂತೆ. ಅತ್ತಿಗೆಯೇ ಫೋನ್ ಮಾಡಿ ಹೇಳಿದರು. ನಮಗೊಂದು ನ್ಯಾಯ, ನಿಮಗೊಂದು ನ್ಯಾಯವಾ ಅಣ್ಣಾ?

ಈ ಪತ್ರದ ಜೊತೆ ಅತ್ತಿಗೆ ಕೈಯಲ್ಲಿ ಇನ್ನೊಂದು ಲೋಟ ಕಳಿಸಿದ್ದೇನೆ. ಮಂಚದ ಪಕ್ಕದ ಸ್ಟೂಲ್ ಮೇಲೆ ಬೋರಲು ಹಾಕಿಡಿ. ಅದನ್ನು ಡಾಕ್ಟರೇ ಎತ್ತಲಿ.

ಇತಿ,
ನಿಮ್ಮ ಪಕ್ಕದ ಕುರ್ಚಿಯ ತಂಗಿ