ಬಲತೋಳಿನ ಹೊಲಿಗೆ

ಜಿಸಾ ಮಗಳೇ,

ಎದ್ದವಳೇ ನೀನು ಹೊಲಿದ ರವಿಕೆ ಎಲ್ಲಿ ಅಂತ ಹುಡುಕಬೇಡ. ಅದನ್ನು ಹಾಕಿಕೊಂಡೇ ಚರ್ಚಿಗೆ ಹೊರಟಿದ್ದೇನೆ.

ಪುಟ್ಟು ಮುಚ್ಚಿಟ್ಟಿದ್ದೇನೆ, ಆರುವ ಮೊದಲು ತಿನ್ನು. ಕೋಳಿಗಳನ್ನು ಬಿಡು. ಸೂಜಿಯನ್ನು ಚಾಪೆಗೆ ಚುಚ್ಚಿಡಬೇಡ ಅಂತ ಎಷ್ಟು ಸಲ ಹೇಳಲಿ? ಇವತ್ತು ನನ್ನ ಹಿಮ್ಮಡಿಗೆ ಚುಚ್ಚಿತು.

"ಬಲತೋಳಿನ ಹೊಲಿಗೆ ಹೊರಗೆ ಬಂದಿದೆ, ಇದು ನೆಲ ಒರೆಸೋಕೂ ಬೇಡ" ಅಂತ ನಿನ್ನೆ ಅಳುತ್ತಿದ್ದೆಯಲ್ಲ. ಬಿಳಿ ಬಟ್ಟೆಗೆ ಒಳಗು ಹೊರಗು ಗೊತ್ತಾಗುವುದಿಲ್ಲ, ಹೊಸಬರೆಲ್ಲ ಎಡವುವುದು ಅಲ್ಲೇ. ನಿನ್ನಪ್ಪ ಮಗುವಾಗಿದ್ದಾಗ ನಾನು ಅವನಿಗೆ ಹೊಲಿದ ಮೊದಲ ಅಂಗಿಯಲ್ಲಿ ಅವನ ತಲೆಯೇ ತೂರಲಿಲ್ಲ. ಆ ತೋಳನ್ನು ಬಿಚ್ಚುವ ಮಾತು ಬೇಡ. ಮೇಲೆ ಹೊದ್ದ ಬಟ್ಟೆ ಅದನ್ನು ಮುಚ್ಚುತ್ತದೆ. ಆದರೂ ಪಕ್ಕದ ಬೆಂಚಿನ ರಾಹೇಲ್ "ಈ ಹಳೇ ಕಾಲದ ರವಿಕೇನ ಈಗ ಯಾರು ಹೊಲಿದುಕೊಟ್ರು ಅಮ್ಮಚ್ಚಿ?" ಅಂತ ಕೇಳಿದರೆ ಹೊದಿಕೆ ಸರಿಸಿ ಆ ತೋಳನ್ನೇ ಮೊದಲು ತೋರಿಸುತ್ತೇನೆ.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಆ ರವಿಕೆಯ ಬಟ್ಟೆ ನನ್ನನ್ನು ಮಣ್ಣು ಮಾಡುವ ದಿನಕ್ಕೆಂದು ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದು. ನನ್ನಮ್ಮನೂ ಹಾಗೇ ಇಟ್ಟುಕೊಂಡಿದ್ದಳು. ನಿನ್ನ ಕೈಯಲ್ಲಿ ಹೊಲಿಸಿ ಮತ್ತೆ ಒಳಗಿಡೋಣ ಅಂದುಕೊಂಡಿದ್ದೆ. ಬೆಳಿಗ್ಗೆ ಸುಮ್ಮನೆ ಹಾಕಿ ನೋಡಿದೆ. ತೆಗೆದು ಮಡಿಸಿಡಲು ಮನಸ್ಸಾಗಲಿಲ್ಲ.

ಪೆಟ್ಟಿಗೆಗೆ ಬೇರೆ ಬಟ್ಟೆ ತಂದರಾಯಿತು. ಅದನ್ನು ನೀನೇ ಹೊಲಿ. ಸರಿಬರದಿದ್ದರೆ ಬಿಚ್ಚು, ಮತ್ತೆ ಹೊಲಿ, ಮತ್ತೆ ಬಿಚ್ಚು. ನನಗೇನೂ ಅವಸರವಿಲ್ಲ.

ನಿನ್ನ ಅಮ್ಮಚ್ಚಿ