ದನಿಗೂ ಸೂತಕ ಉಂಟೇ?

ಸಿರುಮುಗೈ
21-10-2025, ಮಂಗಳವಾರ

ಮಗಳು ಸತ್ಯಾಗೆ ಅವ್ವನ ಆಶೀರ್ವಾದ.

ಸೂತಕದ ಮನೆಯ ಕಾಗದ, ಅದಕ್ಕೇ ಮೇಲೆ ಶ್ರೀ ಬರೆದಿಲ್ಲ. ಅವ್ವನಿಗೆ ಮರೆವು ಶುರುವಾಯಿತು ಎಂದುಕೊಳ್ಳಬೇಡ. ನಾವಿಲ್ಲಿ ಚೆನ್ನಾಗಿದ್ದೇವೆ, ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇವೆ, ನಮ್ಮ ಚಿಂತೆ ನಿನಗೆ ಬೇಡ.

ಫೋನಿರುವಾಗ ಕಾಗದವೇಕೆ ಎಂದು ನಿನ್ನ ಅಪ್ಪ ಕೇಳಿದರು. ನೀನು ಫೋನು ಎತ್ತುವುದಿಲ್ಲ, ಅದೊಂದು. ಎತ್ತಿ ಮಾತಾಡಿದರೂ ಆ ಕಡೆ ಇರುವುದು ನೀನೇ ಎಂದು ನಾನು ಹೇಗೆ ನಂಬಲಿ, ಅದಿನ್ನೊಂದು. ಈಗ ನನಗೆ ಕೈಬರಹದ ಮೇಲೆ ಮಾತ್ರ ನಂಬಿಕೆ. ತಮಿಳು ಊರಾದರೂ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ಕನ್ನಡ ಆಡುತ್ತಾರೆ, ಓದಲು ಬರುವುದು ಮಾತ್ರ ಕೊಳ್ಳೇಗಾಲದ ಶಾಲೆಯಲ್ಲಿ ಕಲಿತು ಬಂದ ನನಗೆ, ನನ್ನಿಂದ ಕಲಿತ ನಿನಗೆ. ಅಪ್ಪನಿಗೂ ಬಾರದು. ಹಾಗಾಗಿ ಯಾರ ಹಂಗೂ ಇಲ್ಲದೆ ಬರೆಯುತ್ತಿದ್ದೇನೆ. ಪಕ್ಕದ ಮನೆಯ ತಿರುಮೂರ್ತಿ ನಾಳೆ ಅಂಗಡಿಗೆ ಸೀರೆ ಕೊಡಲು ಕೊಯಮತ್ತೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ.

ಅಜ್ಜಿ ತೀರಿಕೊಂಡ ಆ ಶುಕ್ರವಾರ ನನ್ನ ಮೈಯಿಂದ ಇನ್ನೂ ಇಳಿದಿಲ್ಲ ಸತ್ಯಾ. ಅವಳನ್ನು ನಡುಮನೆಯಲ್ಲಿ ಮಲಗಿಸಿದ್ದೆವು. ಮೊದಲ ಬಸ್ಸಿಗೆ ಬಂದ ನೀನು ಅವಳ ಕಾಲ ಹತ್ತಿರ ಕೂತಿದ್ದೆ. ಸಾವಾಗಿದೆ ಎಂದು ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ತಿರುಮೂರ್ತಿಯ ಮನೆಯ ರೇಡಿಯೋವನ್ನು ಮಾತ್ರ ನಿಲ್ಲಿಸಲು ಯಾರಿಗೂ ತೋಚಲಿಲ್ಲ. ಅದು ನಮ್ಮ ಹುಡುಗಿ ಮಾತಾಡುವ ರೇಡಿಯೋ, ಇಷ್ಟು ವರ್ಷದಿಂದ ಬೆಳಿಗ್ಗೆ ಅದು ಮಾತಾಡುತ್ತಲೇ ಇರುತ್ತದೆ. ಏಳು ಗಂಟೆಗೆ ಅದು ಬಾಯಿ ಬಿಟ್ಟಿತು.

“ವಣಕ್ಕಮುಂಗೋ! ನಾನ್ ಉಂಗ ತೇನ್ಮೊಳಿ! ಸಾಪ್ಟಾಚುಂಗಳಾ?”

ನಿನ್ನ ದನಿ. ನಿನ್ನ ನಗು. ಸ್ಟೇಷನ್ನಿನವರು ನಿನಗೆ ಇಟ್ಟ ಹೆಸರು, ಊಟ ಆಯಿತೇ ಎಂದು ನೀನು ಊರಿಗೆಲ್ಲ ಕೇಳುವ ಪ್ರಶ್ನೆ. ಮೊದಲೇ ಹಿಡಿದಿಟ್ಟಿದ್ದನ್ನು ಹಾಕಿದ್ದಾರೆ ಎಂದುಕೊಂಡು ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. ಆಮೇಲೆ ಅದು ಹೇಳಿತು: ರಾತ್ರಿ ಮೇಟ್ಟುಪಾಳ್ಯದ ಕಡೆ ಜೋರು ಮಳೆ, ಭವಾನಿಯಲ್ಲಿ ನೀರು ಏರುತ್ತಿದೆ, ಯಾರೂ ಹೊಳೆಗೆ ಇಳಿಯಬೇಡಿ; ಕೊಯಮತ್ತೂರಿನ ಉಕ್ಕಡಂನಲ್ಲಿ ಮೀನಿನ ಲಾರಿ ಕೆಟ್ಟು ನಿಂತಿದೆ, ಬೇರೆ ದಾರಿ ಹಿಡಿಯಿರಿ. ಆ ಮಳೆ ನಾವು ಹೆಣದ ಮುಂದೆ ಕೂತು ಕೇಳಿದ ಮಳೆ. ಅದರಲ್ಲಿ ನೆನೆದ ನಿನ್ನ ಜಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ತಿರುಮೂರ್ತಿಯ ಹೆಂಡತಿ ಚಂದ್ರಾ ನಿನ್ನನ್ನು ನೋಡಿದಳು, ರೇಡಿಯೋ ಕೇಳಿಸುತ್ತಿದ್ದ ಗೋಡೆಯ ಕಡೆ ನೋಡಿದಳು. “ಏನೇ ಸತ್ಯಾ ಇದು! ನೀ ಇಲ್ಲಿ ಕುಂತಿದ್ದೀಯೆ, ಅಲ್ಲಿ ಪೇಸ್ತಾ ಇರೋದು ಯಾರೇ?” ಎಂದು ಕಿರುಚಿದಳು. ಸಾವಿನ ಮನೆಯಲ್ಲಿ ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿದರು. ಸತ್ತವಳು ಎದ್ದು ಕೂತಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲವೇನೋ.

ನಾನಾದರೂ ಏನು ಮಾಡಿದೆ? ನಿನ್ನ ಭುಜ ಹಿಡಿದು ಅಲುಗಿಸಿದೆ. “ನಿಲ್ಸೇ! ಸತ್ತ ಪಾಟ್ಟಿ ಮುಂದೆ ನಗ್ತೀಯಲ್ಲ, ನಿಲ್ಸು!” ಎಂದು ಕೂಗಿದೆ. ನಗುತ್ತಿದ್ದದ್ದು ನೀನಲ್ಲ ಎಂದು ಕಣ್ಣಿಗೆ ಕಾಣುತ್ತಿತ್ತು, ಕಿವಿ ಒಪ್ಪಲಿಲ್ಲ. ನೀನು ನನ್ನತ್ತ ನೋಡಲೇ ಇಲ್ಲ. ರೇಡಿಯೋ ಮಾತಾಡಿದಂತೆಲ್ಲ ನಿನ್ನ ತುಟಿ ಸದ್ದಿಲ್ಲದೆ ಅದರ ಜೊತೆ ಆಡುತ್ತಿತ್ತು, ಇದು ನಾನೇ ಆಡಿದ ಮಾತೇ ಎಂದು ಪರೀಕ್ಷೆ ಮಾಡುವ ಹಾಗೆ. ಒಂದು ಕಡೆ ತುಟಿ ತಪ್ಪಿತು. ಅಲ್ಲಿಗೆ ನೀನು ಬಾಯಿ ಮುಚ್ಚಿದೆ. ಅದನ್ನು ನೋಡಿದವಳು ನಾನೊಬ್ಬಳೇ.

ಆಮೇಲೆ ನೀನು ಅಳಲಿಲ್ಲ. ಒಪ್ಪಾರಿ ಹಾಡಲಿಲ್ಲ. ಈ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ದನಿ ಎತ್ತಿ ಹಾಡಿ ಅಳುತ್ತಿದ್ದವಳು ನಿನ್ನ ಅಜ್ಜಿ ಬೆಳ್ಳಿಯಮ್ಮ. ಅವಳಿಗೇ ಒಂದು ಒಪ್ಪಾರಿ ಇಲ್ಲದೆ ಹೆಣದ ಪಾಡೆ ಎದ್ದಿತು. ದನಿಯನ್ನು ಸಂಬಳಕ್ಕೆ ಇಟ್ಟುಕೊಂಡಿದ್ದಾಳೆ, ಅಜ್ಜಿಗೆ ಖರ್ಚು ಮಾಡುತ್ತಾಳೆಯೇ ಎಂದು ಹೆಂಗಸರು ಆಡಿಕೊಂಡರು. ನನಗೂ ನಿನ್ನ ಮೇಲೆ ಹಾಳು ಕೋಪ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹಿತ್ತಿಲ ತೊಟ್ಟಿಯ ಹತ್ತಿರ ಪಿಸುಮಾತಿನಲ್ಲಿ ಹೇಳಿದೆಯಲ್ಲ, ಅದನ್ನೇ ಇನ್ನೂ ಮೆಲುಕು ಹಾಕುತ್ತಿದ್ದೇನೆ. ಮೂರು ತಿಂಗಳ ಹಿಂದೆ, ಆಡಿಯಲ್ಲೇ ನಿನ್ನ ಕೆಲಸ ಹೋಯಿತಂತೆ. ಕಂಪನಿ ಕೈ ಬದಲಾಯಿತಂತೆ, ಖರ್ಚು ಇಳಿಸಬೇಕು ಎಂದು ಮೈಕಿನ ಮುಂದೆ ಕೂರುವವರನ್ನೆಲ್ಲ ಒಂದೇ ಮಧ್ಯಾಹ್ನ ಕಳಿಸಿಬಿಟ್ಟರಂತೆ. ಕೇಳುವವರಿಗೆ ಹೋಗಿಬರುತ್ತೇನೆ ಎನ್ನಲೂ ಬಿಡಲಿಲ್ಲವಂತೆ. ಸ್ವಲ್ಪ ದಿನ ಹಳೆಯದನ್ನು ಹಾಕುತ್ತೇವೆ ಎಂದಿದ್ದರಂತೆ. ಹೊಟ್ಟೆ ಉರಿದು ನೀನು ಆ ಸ್ಟೇಷನ್ ಹಾಕಿ ಕೇಳಲೇ ಇಲ್ಲವಂತೆ. ಅವರು ನಿನ್ನ ದನಿಯನ್ನು ಕಂಪ್ಯೂಟರಿಗೆ ಕಲಿಸಿ ದಿನಾ ಹೊಸ ಮಾತು ಆಡಿಸುತ್ತಿದ್ದಾರೆ ಎಂದು ನಿನಗೂ ತಿಳಿದದ್ದು ಅಲ್ಲೇ, ಹೆಣದ ಮುಂದೆ, ನಮ್ಮೆಲ್ಲರ ಜೊತೆಗೇ.

ಭಾನುವಾರ ಭಾನುವಾರ ಮನೆಗೆ ಬಂದು ಮೀನು ಸಾರು ಉಂಡು ಹೋದೆಯಲ್ಲೇ. ಆಫೀಸು ಹೇಗಿದೆ ಎಂದರೆ ಇದೆ ಅವ್ವ ಎಂದೆಯಲ್ಲ. ಹೆತ್ತವಳ ಹತ್ತಿರ ಹೇಳಬಾರದೇ?

ಮೊನ್ನೆ ನಿನ್ನ ಜೊತೆ ಮನೆ ಹಂಚಿಕೊಂಡಿರುವ ವಿಭಾಗೆ ಫೋನು ಮಾಡಿದೆ. ಸುದ್ದಿ ಓದುತ್ತಿದ್ದ ಹುಡುಗಿ, ಅದೇ ಮಧ್ಯಾಹ್ನ ಅದೂ ಬೀದಿಗೆ ಬಿತ್ತು, ಪಾಪ. ಅವಳು ಹೇಳಿದ್ದು ಇಷ್ಟು. “ಆಂಟೀ, ಊರಿಂದ ಬಂದಾಗಿನಿಂದ ಅವಳು ಬಾಯೇ ತೆಗೀತಿಲ್ಲ. ಏನು ಬೇಕಿದ್ರೂ ಬರೆದು ತೋರಿಸ್ತಾಳೆ. ಯಾಕೇಂತ ಕೇಳಿದ್ರೆ, ಆಡಿದ್ರೆ ಅದನ್ನೂ ತಗೊಂಡು ಹೋಗ್ತಾರೆ ಅಂತ ಬರೆದ್ಲು.” ಹತ್ತು ತಿಂಗಳಿಗೇ ಮಾತು ಕಲಿತ ನನ್ನ ಮಗಳು, ತೊಟ್ಟಿಲಲ್ಲಿ ನೊಣದ ಜೊತೆ ಜಗಳವಾಡುತ್ತಿದ್ದವಳು, ಮೂಗಿಯಾಗಿ ಕೂತಿದ್ದಾಳೆಂದರೆ ನನ್ನ ಎದೆ ಒಡೆಯದೇ?

ನಿನ್ನ ಮ್ಯಾನೇಜರ್ ಪ್ರೇಮ್ ಕುಮಾರನಿಗೂ ಫೋನು ಮಾಡಿದೆ. ಬಯ್ಯಬೇಡ. ಪೊಂಗಲ್ಲಿಗೆ ಬಂದು ನಮ್ಮ ಹಿಚುಕಿದ ಅವರೆ ಸಾರನ್ನು ಮೂರು ಸಲ ಹಾಕಿಸಿಕೊಂಡವನು, ಉಂಡ ಮನೆಗೆ ಎರಡು ಬಗೆಯಬಹುದೇ ಎಂದು ಕೇಳಿಯೇಬಿಟ್ಟೆ. ಅವನು ತಮಿಳಿನಲ್ಲಿ ತುಂಬ ಮರ್ಯಾದೆಯಿಂದ ಮಾತಾಡಿದ. ತೇನ್ಮೊಳಿ ಎಂಬುದು ಕಂಪನಿ ಇಟ್ಟ ಹೆಸರಮ್ಮ, ಆ ಹೆಸರಿನಲ್ಲಿ ಆಡಿದ್ದೆಲ್ಲ ಕಂಪನಿಯದು, ನಾವು ಸತ್ಯಾಳನ್ನು ಏನೂ ಮಾಡಿಲ್ಲ ಎಂದ. ಹಸುವನ್ನು ನಿಮಗೇ ಬಿಟ್ಟಿದ್ದೇವೆ, ಹಾಲು ಮಾತ್ರ ನಮ್ಮದು ಎಂದ ಹಾಗಿತ್ತು. ಇನ್ನೂ ಒಂದು ಮಾತು ಹೇಳಿದ. ಇಷ್ಟು ದಿನವಾಯಿತು, ಕೊಯಮತ್ತೂರಿನಿಂದಾಗಲಿ ತಿರುಪ್ಪೂರಿನಿಂದಾಗಲಿ ಇದು ತೇನ್ಮೊಳಿಯಲ್ಲ ಎಂದು ಒಬ್ಬರೂ ಫೋನು ಮಾಡಲಿಲ್ಲವಂತೆ. ಆಮೇಲೆ ದನಿ ತಗ್ಗಿಸಿ, ತಾನೂ ಮುಂದಿನ ಪೊಂಗಲ್ಲಿನವರೆಗೆ ಅಲ್ಲಿರುತ್ತೇನೋ ಇಲ್ಲವೋ ಎಂದ. ನಾನು ಬಯ್ಯುವುದನ್ನು ಬಿಟ್ಟು ಫೋನಿಟ್ಟೆ.

ಒಬ್ಬರಿಗೂ ಗೊತ್ತಾಗಲಿಲ್ಲ ಎಂದನಲ್ಲ, ಆ ಒಬ್ಬರಲ್ಲಿ ನಾನೂ ಇದ್ದೇನೆ ಸತ್ಯಾ. ಇದು ನನಗೆ ನುಂಗಲಾಗದ ತುತ್ತು. ನೀನು ಸಾಪ್ಟಾಚುಂಗಳಾ ಎಂದು ಕೇಳಿ, ಉತ್ತರ ಬರಲಿ ಎಂಬಂತೆ ಒಂದು ಗಳಿಗೆ ಸುಮ್ಮನಿರುತ್ತಿದ್ದೆ. ನಾನು ಮಗ್ಗದಲ್ಲಿ ಲಾಳಿ ಹೊಡೆಯುತ್ತಾ ಆಯ್ತು ಕಣೇ ಎನ್ನುತ್ತಿದ್ದೆ. ಈಗಿನದು ಕಾಯುವುದಿಲ್ಲ. ಕೇಳಿ ಮುಂದಕ್ಕೆ ಓಡುತ್ತದೆ. ಈಗ ತಿಳಿದವಳಂತೆ ದೊಡ್ಡದಾಗಿ ಬರೆಯುತ್ತಿದ್ದೇನೆ, ಆಡಿಯಿಂದ ಇಲ್ಲಿಯವರೆಗೆ ಇದು ನನ್ನ ಗಮನಕ್ಕೆ ಬರಲಿಲ್ಲ. ಅದರ ಮಾತಿನ ಮೇಲೇ ಆಯ್ತು ಕಣೇ ಎಂದುಕೊಂಡು ಕೂತಿದ್ದೆ. ನಮ್ಮ ರೇಡಿಯೋವನ್ನು ಈಗ ಅಟ್ಟಕ್ಕೆ ಎಸೆದಿದ್ದೇನೆ.

ಇಲ್ಲಿ ನಡೆದ ಇನ್ನೊಂದು ಸೋಜಿಗ ಕೇಳು. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಬಟ್ಟೆ ಕತ್ತರಿಸುವ ಚಂದ್ರಾಳ ತಮ್ಮ ಶಣ್ಮುಗಂ ಫೋನು ಮಾಡಿದ್ದ. ತನ್ನ ಹುಟ್ಟುಹಬ್ಬಕ್ಕೆ ಸತ್ಯಕ್ಕ ರೇಡಿಯೋದಲ್ಲಿ ಹೆಸರು ಹೇಳಿ ಹಾರೈಸಿದಳು, ಇಡೀ ಕಂಪನಿ ಕೈ ತಟ್ಟಿತು ಎಂದು ಕುಣಿದ. ಚಂದ್ರಾ ಎದೆ ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. “ಸೂತಕದ ಬಾಯಿಂದ ಹಾರೈಕೆ ಬಂದ್ರೆ ಹುಡ್ಗನ್ಗೆ ಆಗ್ತದಾ ಜಾನಕ್ಕಾ?” ನಮ್ಮ ಮನೆಯಲ್ಲಿ ಈ ಸಲ ದೀಪಾವಳಿಯ ಎಣ್ಣೆಸ್ನಾನ ಇಲ್ಲ, ಒಂದು ಮತಾಪು ಇಲ್ಲ, ನಿನ್ನೆ ನಿನ್ನ ದನಿ ಮಾತ್ರ ಊರಿಗೆಲ್ಲ ಹಬ್ಬದ ಶುಭ ಕೋರುತ್ತಿತ್ತು. ವಿಷಯ ಹಿರಿಯರವರೆಗೆ ಹೋಯಿತು. ದನಿಗೂ ಸೂತಕ ಉಂಟೇ ಎಂದು ಗುಡಿಯ ಜಗಲಿಯಲ್ಲಿ ಮೂರು ಮುದುಕರು ಸಂಜೆಯೆಲ್ಲ ತಲೆ ಕೆರೆದುಕೊಂಡರು. ಕೊನೆಗೆ ಅವರಲ್ಲಿ ದೊಡ್ಡವರು, ಸಾವು ತಟ್ಟದ್ದು ಆ ಮನೆಯದಲ್ಲ, ಅದು ಬೆಳ್ಳಿಯಮ್ಮನ ಮೊಮ್ಮಗಳ ದನಿಯಲ್ಲ, ಹುಡುಗ ಹೆದರಬೇಕಾಗಿಲ್ಲ ಎಂದರಂತೆ. ಕೇಳಿ ನನಗೆ ಎಷ್ಟೋ ಸಮಾಧಾನವಾಯಿತು.

ನಿನ್ನ ಅಪ್ಪನಿಗೆ ಮಾತ್ರ ಸಮಾಧಾನವಾಗಿಲ್ಲ. ಅವರು ಸೀರೆಗೆ ಹಾಕಿದ ನವಿಲಿನ ಅಂಚನ್ನು ಪವರ್‌ಲೂಮಿನವರು ಕದ್ದು ವಾರದಲ್ಲಿ ಸಂತೆಗೆ ತಂದಿದ್ದು ನಿನಗೆ ನೆನಪಿದೆ. ಆಗ ಅನ್ನ ಬಿಟ್ಟು ಮಲಗಿದವರು ಈಗ, “ಆ ಮಿಷಿನ್ ನನ್ ಅಂಚ್ ಕದೀತು ಸರಿ, ನಾನೇ ಚಿನ್ನಸಾಮಿ ಅಂತ ಸೊಲ್ಲಲಿಲ್ಲವಲ್ಲ ಜಾನು” ಎನ್ನುತ್ತಾ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ನೇಯದೆ ಕೂರುತ್ತಾರೆ.

ಈಗ ಬರೆಯಲೋ ಬೇಡವೋ ಎಂದು ಎರಡು ದಿನ ಹೊಯ್ದಾಡಿದ್ದನ್ನು ಬರೆಯುತ್ತೇನೆ. ಕೊನೆಗಾಲದಲ್ಲಿ ನಿನ್ನ ಅಜ್ಜಿ ಯಾರು ಕೊಟ್ಟರೂ ಗಂಜಿ ಕುಡಿಯುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಮುಖ ತಿರುಗಿಸುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ರೇಡಿಯೋದಲ್ಲಿ ಸಾಪ್ಟಾಚುಂಗಳಾ ಎಂದಾಗ ಮಾತ್ರ, “ಮೊಮ್ಮಗ್ಳು ಕೇಳ್ತಾಳೆ” ಎಂದು ಬಾಯಿ ತೆರೆಯುತ್ತಿದ್ದಳು. ಆ ಗಳಿಗೆಗೆ ಕಾದು ನಾನು ಚಮಚೆ ಹಿಡಿದಿರುತ್ತಿದ್ದೆ. ಹಾಗೆ ಅವಳು ಪುರಟ್ಟಾಸಿ ತಿಂಗಳವರೆಗೆ ಬದುಕಿದಳು. ಅದು ನೀನಲ್ಲ. ಯಾವುದೋ ಯಂತ್ರ ನನ್ನ ಅತ್ತೆಗೆ ಗಂಜಿ ಕುಡಿಸಿತು. ಅದಕ್ಕೆ ಶಾಪ ಹಾಕಲೋ ಕೈ ಮುಗಿಯಲೋ ನನಗೆ ತಿಳಿಯುತ್ತಿಲ್ಲ ಮಗಳೇ. ಯಾರಿಗೂ ಹೇಳಿಲ್ಲ, ಅಪ್ಪನಿಗೂ ಹೇಳಿಲ್ಲ.

ಆದರೆ ಅದು ಒಪ್ಪಾರಿ ಹಾಡಲಾರದು. ಹಾಡಿದರೂ ಆ ಮುದುಕಿ ಒಪ್ಪುವುದಿಲ್ಲ. ಕಂಪನಿ ನಿನ್ನ ದನಿಯನ್ನು ತನ್ನದು ಎನ್ನುತ್ತದಲ್ಲ, ಅದಕ್ಕಿಂತ ಮೊದಲೇ ಅದು ಬೆಳ್ಳಿಯಮ್ಮನದು. ನಿನ್ನ ಗಂಟಲೂ ಅವಳದು, ಸೊಲ್ಲಿನ ಕೊನೆಯನ್ನು ಎಳೆಯುವುದೂ ಅವಳಿಂದ ಬಂದದ್ದು. ಶನಿವಾರ ಅಜ್ಜಿಯ ಹದಿನಾರನೆಯ ದಿನ, ಕರುಮಾದಿ. ಬಾ. ಮೈಕಿಲ್ಲ, ಕಂಪನಿಯಿಲ್ಲ. ಬಂದವರ ಫೋನುಗಳನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡು ಅಕ್ಕಿಯ ಡ್ರಮ್ಮಿಗೆ ಹಾಕಿ ಮುಚ್ಚಳದ ಮೇಲೆ ನಾನೇ ಕೂರುತ್ತೇನೆ. ಯಾರು ಏನಂದರೂ ಸರಿ. ನೀನು ಬಾಯಿ ಬಿಟ್ಟು ಅಳು. ರಾಗ ತಪ್ಪಿದರೆ ತಪ್ಪಲಿ, ದನಿ ಒಡೆದರೆ ಒಡೆಯಲಿ. ಆ ದನಿ ಅವರ ಹತ್ತಿರ ಇಲ್ಲ.

ಬರುವಾಗ ವಿಭಾಳನ್ನೂ ಕರೆದುಕೊಂಡು ಬಾ.

ಇಂತಿ ನಿನ್ನ ದಾರಿ ಕಾಯುವ ಅವ್ವ,
ಜಾನಮ್ಮ

ಮರೆತದ್ದು: ರೇಡಿಯೋವನ್ನು ಅಟ್ಟಕ್ಕೆ ಎಸೆದೆ ಎಂದು ಬರೆದದ್ದು ಸುಳ್ಳು, ಅಲ್ಲಿ ಹೊಡೆದು ಹಾಕದೆ ಇಲ್ಲಿ ತಿದ್ದುತ್ತಿದ್ದೇನೆ. ಅದು ಒಲೆಯ ಪಕ್ಕದಲ್ಲೇ ಇದೆ. ಇವತ್ತು ಬೆಳಿಗ್ಗೆಯೂ ಹಾಕಿದೆ. ನೀನು ಆಡುತ್ತಿಲ್ಲವಲ್ಲ, ಇನ್ನೆಲ್ಲಿ ಕೇಳಲಿ? ಊಟ ಆಯಿತೇ ಎಂದು ಅದು ಕೇಳಿತು. ನೀನು ಹೋದಾಗಿನಿಂದ ಗಂಟಲಲ್ಲಿ ಏನೂ ಇಳಿಯುತ್ತಿಲ್ಲ ಕಣೇ ಎಂದೆ. ಅಷ್ಟರಲ್ಲಿ ಅದು ದಾರಿಯ ಸುದ್ದಿಗೆ ಹೊರಳಿ ಉಕ್ಕಡಂ ದಾಟಿ ಹೋಗಿತ್ತು.