ಇಬ್ಬರಿಗೆ ಹಾಸಿದ ಮೇಜು

ಪೊತ್ಸಾಲ್ಲೊ, ಸಿಸಿಲಿ, ಮೇ ೧೪, ಸೋಮವಾರ

ಇದನ್ನು ಬರೆಯದೆ ಬಿಡಬೇಕೆಂದಿದ್ದೆ: ಯುರೋಪಿನಲ್ಲಿ ಒಬ್ಬಳೇ ತಿರುಗಲು ಹೊರಟ ಮೊದಲ ದಿನವೇ ಸುಳ್ಳು ಹೇಳಿದೆ. ಮಾಲ್ಟಾದಿಂದ ಬಂದ ಹಡಗಿಳಿದು ಊಟಕ್ಕೆ ಕೂತಾಗ ಹೋಟೆಲಿನವನು ಕೇಳಿದ, "ಒಬ್ರೇನಾ ಮೇಡಂ? ಯಜಮಾನ್ರನ್ನ ಹಡಗಲ್ಲೇ ಮರೆತು ಬಂದ್ರಾ?"

"ಬರ್ತಿದ್ದಾರೆ," ಎಂದೆ. ಗಂಡ ಸಾಲ್ವು ನನ್ನನ್ನು ಬಿಟ್ಟು ಹೋಗಿ ವರ್ಷವಾಗಿದೆ.

ಎದುರಿಗೆ ಇನ್ನೊಂದು ತಟ್ಟೆ ಬಂತು. ಮುಕ್ಕಾಲು ಗಂಟೆಯಾದರೂ ಊಟ ಬರಲಿಲ್ಲ. ಹೋಟೆಲಿನವನನ್ನು ಕರೆದು ಕೇಳಿದೆ.

"ಅವ್ರು ಬಂದು ಕೂತ ಮೇಲೇ ಪಾಸ್ತಾ ನೀರಿಗೆ ಹಾಕೋದು. ಗಂಡಸ್ರಿಗೆ ಆರಿದ್ದು ಬಡಿಸೋಕಾಗುತ್ತಾ?"

"ಅವರು ಬರೋದಿಲ್ಲ. ನನಗೆ ಹಸಿವಾಗಿದೆ. ಹಾಕಿ."

"ಜಗಳಾನಾ? ಪಾಪ."

ಆ 'ಪಾಪ'ಕ್ಕೆ ತಟ್ಟೆ ಎಸೆಯುವಷ್ಟು ಸಿಟ್ಟು ಬಂತು. ಅವನ ಮೇಲೋ, ಇಲ್ಲದ ಗಂಡನಿಗೆ ಜಾಗ ಹಿಡಿದು ಕೂತ ನನ್ನ ಮೇಲೋ, ಇನ್ನೂ ತಿಳಿಯುತ್ತಿಲ್ಲ.

ಸಾಲ್ವು ಕಳಿಸಿ ಮೂರು ತಿಂಗಳಾದರೂ ಮುಟ್ಟದೆ, ಚೀಲದಲ್ಲಿ ಹೊತ್ತು ತಂದಿದ್ದ ವಿಚ್ಛೇದನದ ಕಾಗದಗಳಿಗೆ ಈಗ ಸಹಿ ಹಾಕಿದೆ. ಅಂಚೆಗೆ ಹಾಕುವುದು ನಾಳೆ, ಮೇ ೧೫.